ಸಹಬಾಳ್ವೆ–ಸಹಿಷ್ಣುತೆಯ ಪ್ರಶಸ್ತಿಗಳು

ಜಾತಿ, ಮತ, ಭಾಷೆ, ಬುಡಕಟ್ಟುಗಳಲ್ಲಿ ಬೇರೆಯಾದ ಜನ ಒಂದೇ ನೆಲದಲ್ಲಿ ಕೂಡಿ ಬಾಳಲು ನೆರವಾದ ವ್ಯಕ್ತಿ, ಸಂಸ್ಥೆ ಅಥವಾ ಊರಿಗೆ ಸಲ್ಲುವ ಸಾರ್ವಜನಿಕ ಗೌರವಗಳು. ಯುನೆಸ್ಕೊ–ಮದನ್‌ಜೀತ್ ಸಿಂಗ್ ಪ್ರಶಸ್ತಿ, ಜಪಾನಿನ ನಿವಾನೊ ಶಾಂತಿ ಪ್ರಶಸ್ತಿ, ಅಬುಧಾಬಿಯ ಝಾಯೆದ್ ಪ್ರಶಸ್ತಿ, ಭಾರತದ ಕಬೀರ್ ಪುರಸ್ಕಾರ ಮತ್ತು ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಈ ಬಗೆಯವು. ಇವುಗಳಲ್ಲಿ ಎರಡು ಧಾಟಿಗಳಿವೆ. ಗಲಭೆ, ಹತ್ಯಾಕಾಂಡದ ನಡುವೆ ಪ್ರಾಣವೊಡ್ಡಿ ಅನ್ಯರನ್ನು ಉಳಿಸಿದ ಒಂದು ಕೃತ್ಯಕ್ಕೆ ಕೊಡುವುದು ಒಂದು ಧಾಟಿ. ಹತ್ತಾರು ವರ್ಷ ಸದ್ದಿಲ್ಲದೆ ನಡೆಸಿದ ಕೆಲಸಕ್ಕೆ ಕೊಡುವುದು ಇನ್ನೊಂದು.

ಪದಗಳು

ಸಹಿಷ್ಣುತೆ ಎಂಬುದು ‘ಸಹಿಸು’ ಎಂಬುದರ ಬಳಗದ ಪದ. ಒಲ್ಲದ್ದನ್ನು ತಾಳಿಕೊಳ್ಳುವ ಛಾಯೆ ಅದಕ್ಕಿದೆ ಎಂಬ ಆಕ್ಷೇಪ ಹಳೆಯದು. ಯುನೆಸ್ಕೊ 1995ರಲ್ಲಿ ಹೊರಡಿಸಿದ ಘೋಷಣೆ ಈ ಆಕ್ಷೇಪಕ್ಕೆ ಉತ್ತರ ಕೊಡಲು ಯತ್ನಿಸಿದೆ. ಅದರ ಪ್ರಕಾರ ಸಹಿಷ್ಣುತೆ ಎಂದರೆ ಮೇಲಿನವರು ಕೆಳಗಿನವರಿಗೆ ತೋರುವ ರಿಯಾಯಿತಿಯಲ್ಲ. ಬೇರೆ ಬಗೆಯ ಬದುಕನ್ನು ಗೌರವಿಸಿ ಒಪ್ಪಿಕೊಳ್ಳುವ ನಿಲುವು. ಅನ್ಯಾಯವನ್ನು ಸಹಿಸಿಕೊಂಡಿರುವುದೂ ಸಹಿಷ್ಣುತೆಯಲ್ಲ. ಕನ್ನಡದ ‘ಸಹಬಾಳ್ವೆ’ಯಲ್ಲಿ ತಾಳುವ ಮಾತಿಲ್ಲ, ಬಾಳುವ ಮಾತಿದೆ. ಆಡಳಿತದ ಕಡತಗಳಲ್ಲಿ ‘ಕೋಮು ಸೌಹಾರ್ದ’, ವೇದಿಕೆ ಮತ್ತು ಮಠಗಳಲ್ಲಿ ‘ಭಾವೈಕ್ಯ’ ಹೆಚ್ಚು ಬಳಕೆಯಲ್ಲಿವೆ. ‘ಸೈರಣೆ’ಯೂ ಕನ್ನಡದ ಹಳೆಯ ಪದ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸಬಲ್ಲ ಗುಣವೇ ನಿಜವಾದ ಹೊನ್ನು ಎಂಬ ಆಶಯ ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ ಬಂದಿದೆ.

‘ಪ್ರಶಸ್ತಿ’ಯ ಅರ್ಥವೂ ಕಾಲಾಂತರದಲ್ಲಿ ಬದಲಾಗಿದೆ. ಶಾಸನಗಳಲ್ಲಿ ಪ್ರಶಸ್ತಿ ಎಂದರೆ ಅರಸನ ವಂಶ, ಬಿರುದು, ಗೆಲುವುಗಳನ್ನು ಹೊಗಳುವ ಭಾಗ. ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳನ್ನು ಕೊಂಡಾಡುವ 634ರ ಐಹೊಳೆ ಶಾಸನ ಇದಕ್ಕೆ ಹೆಸರಾಂತ ನಿದರ್ಶನ. ಯುದ್ಧ ಗೆದ್ದವರಿಗೆ ಮೀಸಲಾಗಿದ್ದ ಆ ಪದ ಇಂದು ಕಾದಾಟವಾಗದಂತೆ ನೋಡಿಕೊಂಡವರಿಗೂ ಸಲ್ಲುತ್ತಿದೆ.

ಒಂದು ಹಳೆಯ ನಿದರ್ಶನ

ಸಹಬಾಳ್ವೆಗೆ ದುಡಿದವನಿಗೆ ಮನ್ನಣೆ ಸಂದ ಪ್ರಸಂಗವೊಂದು ಶ್ರವಣಬೆಳಗೊಳದ 1368ರ ಶಾಸನದಲ್ಲಿದೆ. ವೈಷ್ಣವರಿಂದ ತಮಗೆ ತೊಂದರೆಯಾಗುತ್ತಿದೆ ಎಂದು ಜೈನರು ವಿಜಯನಗರದ ಒಂದನೆಯ ಬುಕ್ಕರಾಯನಲ್ಲಿ ಮೊರೆಯಿಟ್ಟರು. ಎರಡೂ ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದ ಅರಸ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ. ಪಂಚಮಹಾವಾದ್ಯ ಮತ್ತು ಕಲಶಗಳ ಮೇಲೆ ಜೈನರಿಗೆ ಹಿಂದಿನಿಂದ ಇದ್ದ ಹಕ್ಕನ್ನು ಎತ್ತಿಹಿಡಿದ. ಏರ್ಪಾಟು ಬಾಯಿಮಾತಿಗೆ ನಿಲ್ಲಲಿಲ್ಲ. ಜೈನರು ಮನೆಗೊಂದರಂತೆ ವರ್ಷಕ್ಕೆ ಒಂದು ಹಣ ಕೊಡಬೇಕು. ವೈಷ್ಣವರ ಪರವಾಗಿ ತಿರುಮಲೆಯ ತಾತಯ್ಯ ಆ ಹಣದಲ್ಲಿ ಬೆಳಗೊಳದ ದೇವರ ರಕ್ಷಣೆಗೆ 20 ಆಳುಗಳನ್ನು ನೇಮಿಸಬೇಕು. ಉಳಿದ ಹಣ ಜಿನಾಲಯಗಳ ಜೀರ್ಣೋದ್ಧಾರಕ್ಕೆ ಹೋಗಬೇಕು. ಜೈನ ಕ್ಷೇತ್ರದ ಕಾವಲಿಗೆ ವೈಷ್ಣವರೇ ಹೊಣೆ ಎಂಬುದು ಒಪ್ಪಂದದ ತಿರುಳು.

ಅರಸನಿಗೆ ಬಿನ್ನಹ ಮಾಡಿಕೊಂಡು ಈ ಕಾರ್ಯದಲ್ಲಿ ಮುಂದಾಳಾದವನು ಕಲ್ಲೇಹದ ಬುಸುವಿಸೆಟ್ಟಿ. ಎರಡೂ ಮತದವರು ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದರೆಂದು ಶಾಸನದ ಕೊನೆ ಹೇಳುತ್ತದೆ.

ಯುನೆಸ್ಕೊ–ಮದನ್‌ಜೀತ್ ಸಿಂಗ್ ಪ್ರಶಸ್ತಿ

ಸಹಿಷ್ಣುತೆ ಎಂಬ ಪದವನ್ನು ಹೆಸರಿನಲ್ಲೇ ಹೊತ್ತ ಜಾಗತಿಕ ಗೌರವಗಳಲ್ಲಿ ಇದು ಪ್ರಮುಖ. ವಿಶ್ವಸಂಸ್ಥೆ 1995ನ್ನು ಸಹಿಷ್ಣುತೆಯ ವರ್ಷವಾಗಿ ಆಚರಿಸಿತು. ಯುನೆಸ್ಕೊಗೆ ಆಗ 50 ತುಂಬಿತ್ತು. ಗಾಂಧೀಜಿಯವರ 125ನೆಯ ಜನ್ಮವರ್ಷದ ನೆನಪೂ ಅದರೊಂದಿಗೆ ಕೂಡಿಬಂತು. ಆ ವರ್ಷ ನವೆಂಬರ್ 16ರಂದು ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಮಹಾಧಿವೇಶನ ಸಹಿಷ್ಣುತೆಯ ತತ್ತ್ವಗಳ ಘೋಷಣೆಯನ್ನು ಅಂಗೀಕರಿಸಿತು. ಅದೇ ದಿನ ಮುಂದೆ ಅಂತರರಾಷ್ಟ್ರೀಯ ಸಹಿಷ್ಣುತಾ ದಿನವಾಯಿತು. ಸಹಿಷ್ಣುತೆ ಮತ್ತು ಅಹಿಂಸೆಯ ಪ್ರಸಾರಕ್ಕಾಗಿ ಎರಡು ವರ್ಷಕ್ಕೊಮ್ಮೆ ಸಲ್ಲುವ ಈ ಪ್ರಶಸ್ತಿಯ ಮೊತ್ತ 1 ಲಕ್ಷ ಡಾಲರ್.

ಪ್ರಶಸ್ತಿಗೆ ನಿಧಿ ಕೊಟ್ಟ ಮದನ್‌ಜೀತ್ ಸಿಂಗ್ (1924–2013) ಹುಟ್ಟಿದ್ದು ಲಾಹೋರಿನಲ್ಲಿ. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಸೆರೆವಾಸ ಕಂಡವರು. ದೇಶವಿಭಜನೆಯಿಂದಾಗಿ ಹುಟ್ಟಿದೂರು ಗಡಿಯ ಆಚೆ ಉಳಿಯಿತು. ಚಿತ್ರಕಾರ, ಛಾಯಾಗ್ರಾಹಕ, ಕಲಾ ಇತಿಹಾಸಕಾರರಾಗಿದ್ದ ಅವರು ಭಾರತದ ರಾಯಭಾರಿಯಾಗಿ ಹಲವು ದೇಶಗಳಲ್ಲಿ ಕೆಲಸ ಮಾಡಿದರು. ಅಜಂತೆಯ ಚಿತ್ರಗಳನ್ನು ಕುರಿತು ಯುನೆಸ್ಕೊ 1954ರಲ್ಲಿ ಹೊರತಂದ ಗ್ರಂಥಕ್ಕೆ ದುಡಿದವರೂ ಅವರೇ. 1982ರಲ್ಲಿ ಯುನೆಸ್ಕೊ ಸೇರಿದರು. 2000ದಲ್ಲಿ ಅದರ ಸದ್ಭಾವನಾ ರಾಯಭಾರಿಯಾದರು. ದಕ್ಷಿಣ ಏಷ್ಯಾದ ದೇಶಗಳ ಯುವಜನರನ್ನು ಶಿಕ್ಷಣದ ಮೂಲಕ ಬೆಸೆಯುವ ಸೌತ್ ಏಷ್ಯಾ ಫೌಂಡೇಷನ್ ಕಟ್ಟಿದ್ದೂ ಅದೇ ವರ್ಷ.

ಪುರಸ್ಕೃತರ ಪಟ್ಟಿ ಓದಿದರೆ ಕಾಲು ಶತಮಾನದ ಗಾಯಗಳ ನಕ್ಷೆಯೇ ಕಾಣುತ್ತದೆ. ಮೊದಲ ಪ್ರಶಸ್ತಿ (1996) ರುವಾಂಡದ ಪ್ರೊಫಾಮ್ ಟ್ವೆಸೆ ಹಾಮ್ವೆ ಎಂಬ ಮಹಿಳಾ ಸಂಘಗಳ ಒಕ್ಕೂಟಕ್ಕೆ ಸಂದಿತು. 1994ರ ನರಮೇಧದ ನಂತರ ಗಂಡ, ಮಕ್ಕಳನ್ನು ಕಳೆದುಕೊಂಡ ಹೆಂಗಸರನ್ನು ಒಟ್ಟುಗೂಡಿಸಿ ಮತ್ತೆ ಬದುಕು ಕಟ್ಟುವ ಕೆಲಸಕ್ಕೆ ಕೈಹಾಕಿದ ಒಕ್ಕೂಟವದು. 1998ರಲ್ಲಿ ಭಾರತ, ಪಾಕಿಸ್ತಾನಗಳೆರಡೂ ಅಣ್ವಸ್ತ್ರ ಪರೀಕ್ಷೆ ನಡೆಸಿದವು. ಆ ವರ್ಷದ ಪ್ರಶಸ್ತಿಯನ್ನು ಭಾರತದ ನಾರಾಯಣ ದೇಸಾಯಿ ಅವರೂ ಜನರ ಹಕ್ಕುಗಳಿಗಾಗಿ ದುಡಿಯುವ ಪಾಕಿಸ್ತಾನದ ಜಂಟಿ ಕ್ರಿಯಾ ಸಮಿತಿಯೂ ಹಂಚಿಕೊಂಡರು. ಗಾಂಧೀಜಿಯವರ ಕಾರ್ಯದರ್ಶಿ ಮಹಾದೇವ ದೇಸಾಯಿ ಅವರ ಮಗನಾದ ನಾರಾಯಣ ದೇಸಾಯಿ (1924–2015) ಶಾಂತಿಸೇನೆಯ ಮುಂದಾಳಾಗಿ ಗಲಭೆಪೀಡಿತ ಊರುಗಳಲ್ಲಿ ದುಡಿದವರು. ಗುಜರಾತಿನ 2002ರ ಹಿಂಸೆಯ ನಂತರ ಕಥಾಕೀರ್ತನದ ಮಾದರಿಯಲ್ಲಿ ‘ಗಾಂಧಿ ಕಥಾ’ ಹೇಳುತ್ತ ಊರೂರು ಸುತ್ತಿದರು.

ಈಜಿಪ್ಟಿನ ಕಾಪ್ಟಿಕ್ ಚರ್ಚಿನ ಪೋಪ್ ಮೂರನೆಯ ಶೆನೂದಾ (2000), ಮ್ಯಾನ್ಮಾರಿನ ಆಂಗ್ ಸಾನ್ ಸೂ ಕಿ (2002), ಬಾಂಗ್ಲಾದೇಶದ ಲೇಖಕಿ ತಸ್ಲಿಮಾ ನಸ್ರೀನ್ (2004), ತಮಿಳು ಸಮಸ್ಯೆಗೆ ಅಹಿಂಸೆಯ ದಾರಿಯಲ್ಲೇ ಪರಿಹಾರ ಬೇಕೆಂದು ಹಟಹಿಡಿದ ಶ್ರೀಲಂಕಾದ ವೀರಸಿಂಗಂ ಆನಂದಸಂಗರಿ (2006) ಅನಂತರದ ಪುರಸ್ಕೃತರು. 2009ರಲ್ಲಿ ಬೆಲ್ಜಿಯಂನ ಪಾದ್ರಿ, ಸಮಾಜಶಾಸ್ತ್ರಜ್ಞ ಫ್ರಾನ್ಸ್ವಾ ಊತಾರ್ ಅವರೊಂದಿಗೆ ಕರಾಚಿಯ ಅಬ್ದುಲ್ ಸತ್ತಾರ್ ಈಧಿ ಪ್ರಶಸ್ತಿ ಹಂಚಿಕೊಂಡರು. ಗುಜರಾತಿನ ಬಾಂಟ್ವಾದಲ್ಲಿ ಹುಟ್ಟಿ 1947ರಲ್ಲಿ ಕರಾಚಿ ಸೇರಿದ ಈಧಿ, ಜಾತಿ–ಮತ ಕೇಳದ ಆಂಬುಲೆನ್ಸ್ ಸೇವೆಯಿಂದ ಮನೆಮಾತಾದವರು. ದಾರಿತಪ್ಪಿ ಪಾಕಿಸ್ತಾನ ಸೇರಿದ್ದ, ಮಾತು ಬಾರದ, ಕಿವಿ ಕೇಳದ ಭಾರತದ ಹುಡುಗಿ ಗೀತಾಳನ್ನು 2015ರವರೆಗೆ ಸಾಕಿ ಕಳುಹಿಸಿಕೊಟ್ಟದ್ದು ಅವರ ಸಂಸ್ಥೆಯೇ.

2011ರ ಇಬ್ಬರದು ಕುತೂಹಲದ ಜೋಡಿ. ಅಫ್ಘಾನಿಸ್ತಾನದ ಅನಾರ್ಕಲಿ ಹೊನರ್‌ಯಾರ್ ದಂತವೈದ್ಯೆ. ಅಲ್ಲಿನ ಬೆರಳೆಣಿಕೆಯ ಸಿಖ್ ಸಮುದಾಯದಿಂದ ಬಂದು ಸಂಸತ್ತು ಪ್ರವೇಶಿಸಿ ಹೆಣ್ಣುಮಕ್ಕಳ, ಅಲ್ಪಸಂಖ್ಯಾತರ ಹಕ್ಕುಗಳಿಗೆ ದನಿಯಾದವರು. ಪ್ಯಾಲೆಸ್ತೀನಿನ ಖಾಲೆದ್ ಅಬು ಅವ್ವಾದ್, ಸಂಘರ್ಷದಲ್ಲಿ ತಮ್ಮವರನ್ನು ಕಳೆದುಕೊಂಡ ಇಸ್ರೇಲಿ ಮತ್ತು ಪ್ಯಾಲೆಸ್ತೀನಿ ಕುಟುಂಬಗಳನ್ನು ಎದುರುಬದುರು ಕೂರಿಸಿ ಮಾತನಾಡಿಸುವ ಬಂಧುವಿಯೋಗಿಗಳ ವೇದಿಕೆಯಲ್ಲಿ ದುಡಿದವರು. ತಮ್ಮ ಒಡಹುಟ್ಟಿದವನನ್ನೇ ಕಳೆದುಕೊಂಡಿದ್ದವರು. ಕಾಬೂಲು ತಾಲಿಬಾನ್ ವಶವಾದಾಗ, 2021ರ ಆಗಸ್ಟಿನಲ್ಲಿ, ಹೊನರ್‌ಯಾರ್ ಭಾರತಕ್ಕೆ ಬರಬೇಕಾಯಿತು.

2014ರಲ್ಲಿ ಮಾಲಿಯ ಇಬ್ರಾಹಿಂ ಅಗ್ ಇದ್ಬಲ್ತನತ್ ಮತ್ತು ಚಿಲಿಯ ಫ್ರಾನ್ಸಿಸ್ಕೊ ಹಾವಿಯೆರ್ ಎಸ್ತೆವೆಸ್ ಆಯ್ಕೆಯಾದರು. 2018ರಲ್ಲಿ ಕೀನ್ಯಾದ ಕೊಎಕ್ಸಿಸ್ಟ್ ಇನಿಶಿಯೇಟಿವ್ ಸಂಸ್ಥೆಯ ಜೊತೆಗೆ ಕೆನಡಾದ ಮನೋನ್ ಬಾರ್ಬೊ ಪುರಸ್ಕೃತರಾದರು. ಚಲನಚಿತ್ರ ತಯಾರಿಸುವ ಸಂಚಾರಿ ಸ್ಟುಡಿಯೊವನ್ನು ಮೂಲನಿವಾಸಿಗಳ ಊರುಗಳಿಗೆ ಒಯ್ದು, ಅಲ್ಲಿನ ಯುವಜನ ತಮ್ಮ ಕಥೆಯನ್ನು ತಾವೇ ಚಿತ್ರಿಸುವಂತೆ ಮಾಡಿದ್ದು ಬಾರ್ಬೊ ಅವರ ಕೆಲಸ. 2020ರ ಪ್ರಶಸ್ತಿ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಸಂಘರ್ಷ ಪರಿಹಾರ ಕೇಂದ್ರಕ್ಕೂ 2022ರದ್ದು ಕ್ಯಾಮರೂನಿನ ಕಾರ್ಯಕರ್ತೆ ಫ್ರಾಂಕಾ ಮಾ-ಇಹ್ ಸುಲೆಮ್ ಯೋಂಗ್ ಅವರಿಗೂ ಸಂದವು.

ಇತರ ಅಂತರರಾಷ್ಟ್ರೀಯ ಗೌರವಗಳು

ಜಪಾನಿನ ರಿಶ್ಶೊ ಕೊಸೈಕೈ ಬೌದ್ಧ ಪಂಥದ ಸ್ಥಾಪಕ ನಿಕ್ಕ್ಯೊ ನಿವಾನೊ ಹೆಸರಿನ ಪ್ರತಿಷ್ಠಾನ 1983ರಿಂದ ನಿವಾನೊ ಶಾಂತಿ ಪ್ರಶಸ್ತಿ ನೀಡುತ್ತಿದೆ. ಮೊತ್ತ 2 ಕೋಟಿ ಯೆನ್. ಮತಗಳ ನಡುವಣ ಸಹಕಾರಕ್ಕೆ ಇಲ್ಲಿ ಒತ್ತು. ಯಹೂದಿಗಳೂ ಅರಬರೂ ಬೇಕೆಂದೇ ಜೊತೆಯಾಗಿ ನೆಲೆಸಿ, ಮಕ್ಕಳಿಗೆ ಎರಡೂ ಭಾಷೆಗಳಲ್ಲಿ ಪಾಠ ಹೇಳುವ ಇಸ್ರೇಲಿನ ನೆವೆ ಶಾಲೋಂ–ವಹತ್ ಅಲ್‌ಸಲಾಂ ಎಂಬ ಹಳ್ಳಿಗೆ 1993ರಲ್ಲಿ ಇದು ದೊರೆಯಿತು. ಉತ್ತರ ಐರ್ಲೆಂಡಿನಲ್ಲಿ ಕ್ಯಾಥೊಲಿಕ್ ಮತ್ತು ಪ್ರಾಟೆಸ್ಟೆಂಟ್ ಜನರನ್ನು ಒಂದೇ ಸೂರಿನಡಿ ತರುತ್ತಿದ್ದ ಕೊರಿಮೀಲಾ ಸಮುದಾಯಕ್ಕೆ 1997ರಲ್ಲಿ ಸಂದಿತು. ಭಾರತೀಯರಲ್ಲಿ ನಾಗಾಲ್ಯಾಂಡಿನ ಶಾಂತಿ ಪ್ರಯತ್ನಗಳಲ್ಲಿ ಪಾಲ್ಗೊಂಡ ಎಂ. ಅರಂ (1995), ಇಳಾ ಭಟ್ (2010), ಪಿ. ವಿ. ರಾಜಗೋಪಾಲ್ (2023) ಇದನ್ನು ಪಡೆದಿದ್ದಾರೆ.

ಪೋಪ್ ಫ್ರಾನ್ಸಿಸ್ ಮತ್ತು ಅಲ್ ಅಝ್‌ಹರ್‌ನ ಮಹಾ ಇಮಾಂ ಅಹ್ಮದ್ ಅಲ್ ತಯ್ಯಿಬ್ 2019ರ ಫೆಬ್ರುವರಿ 4ರಂದು ಅಬುಧಾಬಿಯಲ್ಲಿ ಮಾನವ ಬಂಧುತ್ವದ ದಸ್ತಾವೇಜಿಗೆ ಸಹಿ ಹಾಕಿದರು. ಅದರ ಬೆನ್ನಿಗೇ ಹುಟ್ಟಿದ ಝಾಯೆದ್ ಪ್ರಶಸ್ತಿಯ ಮೊತ್ತ 10 ಲಕ್ಷ ಡಾಲರ್. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೊನಿಯೊ ಗುಟೆರಸ್ ಅವರೊಡನೆ 2021ರಲ್ಲಿ ಇದನ್ನು ಹಂಚಿಕೊಂಡ ಲತೀಫಾ ಇಬ್ನ್ ಝಿಯಾತೆನ್, ಮೊರೊಕ್ಕೊ ಮೂಲದ ಫ್ರೆಂಚ್ ತಾಯಿ. ಸೈನಿಕನಾಗಿದ್ದ ಅವರ ಮಗ ಇಮಾದ್ 2012ರಲ್ಲಿ ಉಗ್ರನ ಗುಂಡಿಗೆ ಬಲಿಯಾದ. ಆ ಬಳಿಕ ಅವರು ಮಗನ ಹೆಸರಿನಲ್ಲಿ ಸಂಸ್ಥೆ ಕಟ್ಟಿ, ಶಾಲೆ–ಸೆರೆಮನೆಗಳಿಗೆ ಹೋಗಿ ಹುಡುಗರೊಡನೆ ಮಾತನಾಡತೊಡಗಿದರು. ಇಂಡೋನೇಷ್ಯಾದ ನಹ್ದತುಲ್ ಉಲಮಾ ಮತ್ತು ಮುಹಮ್ಮದಿಯಾ ಸಂಘಟನೆಗಳಿಗೆ 2024ರಲ್ಲಿ ಈ ಗೌರವ ಸಂದಿತು.

ಸ್ವೀಡನ್ನಿನ ರೈಟ್ ಲೈವ್‌ಲಿಹುಡ್ ಪ್ರಶಸ್ತಿ (ಸ್ಥಾಪನೆ 1980) ಸಹಬಾಳ್ವೆಗೇ ಮೀಸಲಲ್ಲ. ಆದರೆ ದಕ್ಷಿಣ ಏಷ್ಯಾದಲ್ಲಿ ಮತಗಳ ನಡುವೆ ಸಾಮರಸ್ಯಕ್ಕಾಗಿ ದುಡಿದುದಕ್ಕೆಂದೇ 2004ರಲ್ಲಿ ಅಸ್ಗರ್ ಅಲಿ ಎಂಜಿನಿಯರ್ ಮತ್ತು ಸ್ವಾಮಿ ಅಗ್ನಿವೇಶ್ ಅವರಿಗೆ ಅದು ಒಟ್ಟಾಗಿ ದೊರೆಯಿತು.

ಕೃತ್ಯವನ್ನು ಗುರುತಿಸುವ ಧಾಟಿಗೆ ದೊಡ್ಡ ನಿದರ್ಶನ ಜೆರುಸಲೇಮಿನ ಯಾದ್ ವಶೇಮ್ ಸ್ಮಾರಕ ಸಂಸ್ಥೆ. ನಾಜಿಗಳ ಕಾಲದಲ್ಲಿ ಯಹೂದಿಗಳನ್ನು ಬಚ್ಚಿಟ್ಟು ಉಳಿಸಿದ ಅನ್ಯಧರ್ಮೀಯರನ್ನು 1963ರಿಂದ ಅದು ಗುರುತಿಸುತ್ತ ಬಂದಿದೆ. ಈವರೆಗಿನ ಸಂಖ್ಯೆ 28,000 ದಾಟಿದೆ. ಪೋಲೆಂಡ್, ನೆದರ್ಲೆಂಡ್ಸ್ ದೇಶದವರು ಹೆಚ್ಚು. ಉಳಿಸಿದವರು ಪ್ರಾಣಾಪಾಯವನ್ನು ಎದುರಿಸಿರಬೇಕು, ಪ್ರತಿಫಲ ಬಯಸಿರಬಾರದು, ಬದುಕುಳಿದವರ ಸಾಕ್ಷ್ಯವೋ ದಾಖಲೆಯೋ ಇರಬೇಕು. ಪದಕ ಮತ್ತು ಪ್ರಮಾಣಪತ್ರ ಕೊಟ್ಟು, ಹೆಸರನ್ನು ಗೌರವದ ಗೋಡೆಯ ಮೇಲೆ ಕೆತ್ತಲಾಗುತ್ತದೆ. ಫ್ರಾನ್ಸಿನ ಲ ಶಾಂಬೋಂ ಸ್ಯೂರ್ ಲಿನ್ಯೋಂ ಹಳ್ಳಿಯಂತೆ, ಇಡೀ ಊರೇ ಮನ್ನಣೆ ಪಡೆದದ್ದೂ ಉಂಟು.

ಭಾರತದಲ್ಲಿ

ಸ್ವತಂತ್ರ ಭಾರತದ ಮೊದಮೊದಲ ಗೌರವಗಳು ಹೊರಜಗತ್ತಿನತ್ತ ಮುಖಮಾಡಿದ್ದವು. 1965ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ತಿಳಿವಳಿಕೆಗಾಗಿ ಜವಾಹರಲಾಲ್ ನೆಹರೂ ಪ್ರಶಸ್ತಿ ಮೊದಲು ವಿಶ್ವಸಂಸ್ಥೆಯ ಆಗಿನ ಮಹಾಕಾರ್ಯದರ್ಶಿ ಯು ಥಾಂಟ್ ಅವರಿಗೆ, ಮರಣೋತ್ತರವಾಗಿ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ, ಮುಂದೆ ಖಾನ್ ಅಬ್ದುಲ್ ಗಫಾರ್ ಖಾನರಿಗೆ ಸಂದಿತು. ಒಳಗಿನ ಬಿರುಕುಗಳನ್ನು ಉದ್ದೇಶಿಸಿದ ಪ್ರಶಸ್ತಿಗಳು ಹುಟ್ಟಿದ್ದು 1980–90ರ ದಶಕಗಳಲ್ಲಿ. ದೇಶ ಆಗ ಪಂಜಾಬ್, ದೆಹಲಿ, ಭಾಗಲ್ಪುರ, ಅಯೋಧ್ಯೆ, ಮುಂಬಯಿಗಳ ಹಿಂಸೆಯನ್ನು ಕಂಡಿತ್ತು.

ಕೇಂದ್ರ ಸರ್ಕಾರ 1990ರಲ್ಲಿ ಸ್ಥಾಪಿಸಿದ ಕಬೀರ್ ಪುರಸ್ಕಾರ ಸಾಹಸಕ್ಕೆ ಮೀಸಲು. ಕೋಮುಗಲಭೆ, ಜಾತಿ ಘರ್ಷಣೆ, ಜನಾಂಗೀಯ ಕಲಹಗಳಲ್ಲಿ ಒಂದು ಸಮುದಾಯದವರು ಇನ್ನೊಂದು ಸಮುದಾಯದವರ ಪ್ರಾಣ ಅಥವಾ ಆಸ್ತಿಯನ್ನು ಕಾಪಾಡಿದ್ದರೆ ಅದು ಅವರಿಗೆ ಸಲ್ಲುತ್ತದೆ. ಮೂರು ಶ್ರೇಣಿಗಳಿದ್ದು, ಮೊತ್ತ ಕ್ರಮವಾಗಿ 2 ಲಕ್ಷ, 1 ಲಕ್ಷ ಮತ್ತು 50,000 ರೂಪಾಯಿ. ಪೊಲೀಸರು, ಸೈನಿಕರು, ಅಗ್ನಿಶಾಮಕ ಸಿಬ್ಬಂದಿ ಕರ್ತವ್ಯದ ಭಾಗವಾಗಿ ಮಾಡಿದ ರಕ್ಷಣೆ ಇದರ ವ್ಯಾಪ್ತಿಗೆ ಬರುವುದಿಲ್ಲ. ನೆರೆಮನೆಯವನಾಗಿ ತೋರಿದ ಧೈರ್ಯವನ್ನು ಗುರುತಿಸುವುದು ಇದರ ಉದ್ದೇಶ.

ಗೃಹ ಸಚಿವಾಲಯದ ಅಡಿಯಲ್ಲಿ 1992ರಲ್ಲಿ ರಚನೆಯಾದ ರಾಷ್ಟ್ರೀಯ ಕೋಮು ಸೌಹಾರ್ದ ಪ್ರತಿಷ್ಠಾನ ಹಿಂಸೆಯಲ್ಲಿ ನಿರ್ಗತಿಕರಾದ ಮಕ್ಕಳ ಓದಿಗೆ ನೆರವು ನೀಡುವ ಸಂಸ್ಥೆ. ಅದು 1996ರಲ್ಲಿ ಆರಂಭಿಸಿದ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ದೀರ್ಘಕಾಲದ ಸೇವೆಗೆ ಮೀಸಲು. ವ್ಯಕ್ತಿಗಳಿಗೆ, ಸಂಸ್ಥೆಗಳಿಗೆ ಪ್ರತ್ಯೇಕವಾಗಿ ಕೊಡುವ ಕ್ರಮವಿದೆ. ಅಸ್ಗರ್ ಅಲಿ ಎಂಜಿನಿಯರ್ ಅವರಿಗೆ 1997ರಲ್ಲಿ ಇದು ಬಂದಿತ್ತು.

ರಾಜಕೀಯ ಪಕ್ಷವೊಂದು ಕೊಡುವ ಗೌರವಗಳೂ ಹೆಸರಾಗಿವೆ. ಕಾಂಗ್ರೆಸ್ ಪಕ್ಷ 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಏಕತಾ ಪ್ರಶಸ್ತಿಯನ್ನೂ 1992ರಲ್ಲಿ ರಾಜೀವ್ ಗಾಂಧಿ ಸದ್ಭಾವನಾ ಪ್ರಶಸ್ತಿಯನ್ನೂ ಸ್ಥಾಪಿಸಿತು. ಎರಡನೆಯದರ ಮೊದಲ ಪುರಸ್ಕೃತೆ ಮದರ್ ತೆರೇಸಾ; ಬಿಸ್ಮಿಲ್ಲಾ ಖಾನ್, ಲತಾ ಮಂಗೇಶ್ಕರ್, ಸುನಿಲ್ ದತ್, ದಿಲೀಪ್ ಕುಮಾರ್ ಅನಂತರದ ಪುರಸ್ಕೃತರ ಸಾಲಿನಲ್ಲಿದ್ದಾರೆ. ಕೇಂದ್ರ ಸರ್ಕಾರ 2019ರಲ್ಲಿ ಸರ್ದಾರ್ ಪಟೇಲ್ ರಾಷ್ಟ್ರೀಯ ಏಕತಾ ಪ್ರಶಸ್ತಿಯನ್ನು ಘೋಷಿಸಿತು. ಅದಕ್ಕೆ ನಗದು ಬಹುಮಾನವಿಲ್ಲ.

ಕರ್ನಾಟಕದ ನಂಟು

ರಾಜೀವ್ ಗಾಂಧಿ ಸದ್ಭಾವನಾ ಪ್ರಶಸ್ತಿ ಪಡೆದವರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಸ್. ಎನ್. ಸುಬ್ಬರಾವ್ (1929–2021) ಒಬ್ಬರು. ಖಾದಿಯ ಚಡ್ಡಿ, ಅಂಗಿಯ ‘ಭಾಯೀಜಿ’ ಎಂದೇ ಉತ್ತರ ಭಾರತ ಅವರನ್ನು ಬಲ್ಲದು. ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿ, 1972ರಲ್ಲಿ ಜಯಪ್ರಕಾಶ ನಾರಾಯಣರ ಮುಂದೆ ನೂರಾರು ಡಕಾಯಿತರು ಶಸ್ತ್ರ ಕೆಳಗಿಡಲು ಶ್ರಮಿಸಿದವರಲ್ಲಿ ಅವರೂ ಇದ್ದರು. ನಾನಾ ರಾಜ್ಯ, ನಾನಾ ಮತಗಳ ಯುವಜನ ಒಟ್ಟಿಗೆ ಉಂಡು, ಶ್ರಮದಾನ ಮಾಡಿ, ಹಲವು ಭಾಷೆಗಳಲ್ಲಿ ಹಾಡುವ ರಾಷ್ಟ್ರೀಯ ಯುವ ಯೋಜನೆಯ ಶಿಬಿರಗಳು ಅವರ ಮುಖ್ಯ ಕೊಡುಗೆ. ಮುಂದೆ ನಿವಾನೊ ಪ್ರಶಸ್ತಿ ಪಡೆದ ರಾಜಗೋಪಾಲ್ ತರುಣರಾಗಿ ಚಂಬಲ್‌ನಲ್ಲಿ ಇವರೊಂದಿಗೆ ದುಡಿದವರು.

ಗದುಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಗೆ (1949–2018) ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ 2001ರಲ್ಲಿ ಸಂದಿತು. 1974ರಲ್ಲಿ ಪೀಠವೇರಿದ ಅವರು ವಾರವಾರದ ಶಿವಾನುಭವಕ್ಕೆ ಎಲ್ಲ ಮತದವರಿಗೂ ವೇದಿಕೆ ತೆರೆದರು; ಮಠದ ಜಾತ್ರೆಯ ಹೊಣೆಯಲ್ಲಿ ಬೇರೆ ಸಮುದಾಯದವರನ್ನೂ ಪಾಲುದಾರರನ್ನಾಗಿ ಮಾಡಿದರು; ಕನ್ನಡಪರ ಗೋಕಾಕ್ ಚಳವಳಿಗೆ ಬೆನ್ನೆಲುಬಾದರು. ಅವರ ಜನ್ಮದಿನವಾದ ಫೆಬ್ರುವರಿ 21ನ್ನು ಭಾವೈಕ್ಯ ದಿನವಾಗಿ ಆಚರಿಸುವ ತೀರ್ಮಾನವನ್ನು ರಾಜ್ಯ ಸರ್ಕಾರ 2022ರಲ್ಲಿ ಪ್ರಕಟಿಸಿತು.

ಗೋವಿಂದಭಟ್ಟರ ಶಿಷ್ಯ ಶಿಶುನಾಳ ಷರೀಫರ (1819–1889) ಹೆಸರಿನಲ್ಲೂ ರಾಜ್ಯದ ಪ್ರಶಸ್ತಿಯೊಂದಿದೆ. ಅದು ಸಲ್ಲುವುದು ಸುಗಮ ಸಂಗೀತದ ಸಾಧಕರಿಗೆ. ಸೌಹಾರ್ದದ ಸಂಕೇತವಾದ ಸಂತನ ಹೆಸರು ಹಾಡಿನ ಜೊತೆ ಸೇರಿಕೊಂಡದ್ದು ಕನ್ನಡಿಗರು ಅವರನ್ನು ನೆನೆಯುವ ರೀತಿಗೆ ಸಹಜವಾಗಿಯೇ ಇದೆ.

ಆಯ್ಕೆ ಮತ್ತು ಮಿತಿಗಳು

ಬಹುತೇಕ ಪ್ರಶಸ್ತಿಗಳಿಗೆ ತಾವೇ ಅರ್ಜಿ ಹಾಕಿಕೊಳ್ಳುವಂತಿಲ್ಲ. ಬೇರೆಯವರು ಹೆಸರು ಸೂಚಿಸಬೇಕು. ಯುನೆಸ್ಕೊ ಪ್ರಶಸ್ತಿಗೆ ಸದಸ್ಯ ರಾಷ್ಟ್ರಗಳೂ ಸರ್ಕಾರೇತರ ಸಂಸ್ಥೆಗಳೂ ಹೆಸರು ಕಳುಹಿಸುತ್ತವೆ, ಅಂತರರಾಷ್ಟ್ರೀಯ ತೀರ್ಪುಗಾರರು ಪರಿಶೀಲಿಸುತ್ತಾರೆ. ನಿವಾನೊ ಪ್ರತಿಷ್ಠಾನ ನಾನಾ ದೇಶ–ಮತಗಳ ನೂರಾರು ಮಂದಿಯಿಂದ ಸೂಚನೆ ಪಡೆಯುತ್ತದೆ. ಈ ಕ್ರಮದಲ್ಲಿ ಕಡತ ಬರೆಯಬಲ್ಲ ಸಂಸ್ಥೆಗಳಿಗೆ ಅನುಕೂಲ ಹೆಚ್ಚು. ಮೊಹರಮ್ಮಿನ ಪಂಜಾಕ್ಕೂ ಊರದೇವರ ತೇರಿಗೂ ಒಟ್ಟಿಗೇ ಹೆಗಲು ಕೊಡುವ ಹಳ್ಳಿಯನ್ನು ಯಾರೂ ಸೂಚಿಸುವುದಿಲ್ಲ. ಅಲ್ಲಿಯವರಿಗೆ ಅದೊಂದು ಸಾಧನೆ ಎಂದು ತೋರಿರುವುದೂ ಇಲ್ಲ. ಎರಡನೆಯ ತೊಡಕು ಇದಕ್ಕಿಂತ ಆಳದ್ದು. ಗಲಭೆಗೆ ಎಫ್‌ಐಆರ್ ಇರುತ್ತದೆ, ಸತ್ತವರ ಲೆಕ್ಕ ಇರುತ್ತದೆ, ವಿಚಾರಣಾ ಆಯೋಗದ ವರದಿ ಇರುತ್ತದೆ. ನಡೆಯದೇ ಹೋದ ಗಲಭೆಗೆ ದಾಖಲೆಯೇ ಇಲ್ಲ. ಆದ್ದರಿಂದಲೇ ಈ ಪ್ರಶಸ್ತಿಗಳ ಪಟ್ಟಿಯಲ್ಲಿ ರುವಾಂಡ, ಕಾಂಗೊ, ಪ್ಯಾಲೆಸ್ತೀನ್‌ಗಳು ಎದ್ದು ಕಾಣುತ್ತವೆ. ನೆಮ್ಮದಿಯ ಊರುಗಳು ಕಾಣುವುದಿಲ್ಲ.

ವ್ಯಕ್ತಿಯನ್ನು ಗೌರವಿಸುವಾಗ ಮುಂದಿನ ದಿನಗಳ ಜಾಮೀನು ಇರುವುದಿಲ್ಲ. ಸೂ ಕಿ ಆಡಳಿತದ ಹೊಣೆ ಹೊತ್ತ ಮೇಲೆ ರೋಹಿಂಗ್ಯಾ ಮುಸ್ಲಿಮರ ಮೇಲೆ ಸೇನೆ ನಡೆಸಿದ ದೌರ್ಜನ್ಯವನ್ನು ಖಂಡಿಸಲಿಲ್ಲ. ಇದರಿಂದಾಗಿ ಅಮೆರಿಕದ ಹೊಲೊಕಾಸ್ಟ್ ಸ್ಮಾರಕ ವಸ್ತುಸಂಗ್ರಹಾಲಯವೂ ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆಯೂ ತಾವು ಕೊಟ್ಟಿದ್ದ ಗೌರವಗಳನ್ನು 2018ರಲ್ಲಿ ಹಿಂಪಡೆದವು. ಕೊಡುವವರ ಮೇಲೂ ಪ್ರಶ್ನೆಗಳಿವೆ: ಸರ್ಕಾರವೋ ಪಕ್ಷವೋ ಕೊಡುವ ಸೌಹಾರ್ದ ಪ್ರಶಸ್ತಿಯಲ್ಲಿ, ಅದರದೇ ಆಡಳಿತದಲ್ಲಿ ನಡೆದ ಹಿಂಸೆಯನ್ನು ಬಯಲಿಗೆಳೆದವರಿಗೆ ಎಡೆಯಿದೆಯೇ ಎಂಬುದು ಅವುಗಳಲ್ಲಿ ಮುಖ್ಯವಾದುದು.

ಇಲ್ಲಿ ವಿವರಿಸಿದ ಆಧುನಿಕ ಗೌರವಗಳನ್ನೆಲ್ಲ ಕೊಡುವುದು ಮೂರನೆಯವರು: ವಿಶ್ವಸಂಸ್ಥೆಯ ಅಂಗ, ಸರ್ಕಾರ, ಪಕ್ಷ, ಪ್ರತಿಷ್ಠಾನ. ಬದುಕುಳಿದವರ ಸಾಕ್ಷ್ಯವನ್ನೂ ಆಧರಿಸಿ ಉಳಿಸಿದವರನ್ನು ಗುರುತಿಸುವ ಯಾದ್ ವಶೇಮ್ ಪದ್ಧತಿಯಲ್ಲಿ ಸಂಬಂಧಪಟ್ಟವರ ಮಾತಿಗೆ ಸ್ವಲ್ಪ ತೂಕವಿದೆ. ವ್ಯಾಜ್ಯದ ಎರಡೂ ಬದಿಯವರು ಕೂಡಿ ನಿಂತು ಒಬ್ಬನಿಗೆ ಪಟ್ಟ ಕಟ್ಟಿದ ಬೆಳಗೊಳದ ಮಾದರಿ ಮಾತ್ರ ಅಪರೂಪ. ಬುಸುವಿಸೆಟ್ಟಿಗೆ ಸಂದ ಗೌರವದಲ್ಲಿ ಹಣದ ಮಾತಿಲ್ಲ. ಮನೆಗೊಂದರಂತೆ ಕೂಡಿಸಿದ ಹಣ ಹೋದದ್ದು ಕಾವಲಿಗೆ, ಜಿನಾಲಯಗಳ ದುರಸ್ತಿಗೆ.